ಸಾಲು ಜೋಡಣೆ ಕೆಟ್ಟಾಗ: ಕನ್ನಡ ಅರ್ಜಿ, ಪತ್ರ, ಕರಾರುಗಳಿಗೆ ದೋಷ ನಿವಾರಣೆ ಕೈಪಿಡಿ

ಅರ್ಜಿಯಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೂ ಪ್ರಿಂಟ್ ತೆಗೆದು ನೋಡಿದರೆ ಒಂದು ಸಾಲು ಹಿಗ್ಗಿದೆ, ಇನ್ನೊಂದು ಅರ್ಧಕ್ಕೇ ನಿಂತಿದೆ, ದಿನಾಂಕ ಎಲ್ಲೋ ಹೋಗಿ ಕೂತಿದೆ. ಹಾಸನದಲ್ಲಿ ಕೋರ್ಟು, ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಾಗದ ಸಿದ್ಧ ಮಾಡಿಕೊಡುವ ನಮ್ಮಂಥ ಟೈಪಿಂಗ್ ಅಂಗಡಿಗಳಿಗೆ ಪೆನ್ ಡ್ರೈವ್ ಹಿಡಿದು ಬರುವವರಲ್ಲಿ ತುಂಬಾ ಜನ ಇದೇ ತೊಂದರೆಯವರು. ಇದರಲ್ಲಿ ಬಹುಪಾಲು ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಾಲು ಸರಿ ಕಾಣಲಿ ಅಂತ ಸ್ಪೇಸ್ ಬಾರ್ ಒತ್ತುತ್ತಾ ಹೋಗಬೇಡಿ. ನಿಮ್ಮ ಪರದೆಯ ಮೇಲೆ ಅದು ಸರಿಯಾದಂತೆ ಕಾಣುತ್ತದೆ. ಫಾಂಟ್ ಬದಲಾದ ಕೂಡಲೇ, ಇಲ್ಲವೇ ನಡುವೆ ಒಂದು ಪದ ಸೇರಿಸಿದ ಕೂಡಲೇ, ಮೊದಲಿಗಿಂತ ಜಾಸ್ತಿ ಕೆಡುತ್ತದೆ. ಸಾಲು ಕೆಡುವುದಕ್ಕೆ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಒಂದು ಗುರುತು ಕಾರಣವಾಗಿರುತ್ತದೆ. ಆ ಗುರುತನ್ನು ಹುಡುಕಿ ತೆಗೆಯಬೇಕು.

ಇಲ್ಲಿನ ಹೆಜ್ಜೆಗಳು ಮೈಕ್ರೋಸಾಫ್ಟ್ ವರ್ಡ್‌ಗೆ ಬರೆದವು. ಲಿಬ್ರೆ ಆಫೀಸ್ ರೈಟರ್‌ನಲ್ಲಿ ದಾರಿ ತೀರಾ ಬೇರೆ ಇರುವ ಕಡೆ ಅದನ್ನೂ ಹೇಳಿದ್ದೇನೆ.

ಏನೇ ತೊಂದರೆ ಇರಲಿ, ಮೊದಲು ಈ ಎರಡು ಕೆಲಸ

ಕಡತದ ನಕಲು ಮಾಡಿಕೊಳ್ಳಿ. ಎಫ್12 ಒತ್ತಿದರೆ ಬೇರೆ ಹೆಸರಿನಲ್ಲಿ ಉಳಿಸುವ ಕಿಟಕಿ ತೆರೆಯುತ್ತದೆ. ಮೂಲ ಕಡತ ಹಾಗೇ ಇರಲಿ, ರಿಪೇರಿ ಎಲ್ಲಾ ನಕಲಿನ ಮೇಲೆ ನಡೆಯಲಿ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಹೇಳೋಕಾಗಲ್ಲ. ವರ್ಡ್ ತಾನಾಗಿ ಬ್ಯಾಕಪ್ ಇಡುವುದು 10 ನಿಮಿಷಕ್ಕೊಮ್ಮೆ. ಫೈಲ್ → ಆಪ್ಷನ್ಸ್ → ಸೇವ್ ಒಳಗೆ ಅದನ್ನು 2 ನಿಮಿಷಕ್ಕೆ ಇಳಿಸಿಕೊಳ್ಳಿ.

ಆಮೇಲೆ ಅಡಗಿರುವ ಗುರುತುಗಳನ್ನು ತೆರೆಯಿರಿ. ಹೋಮ್ ಪಟ್ಟಿಯಲ್ಲಿ ¶ ಚಿತ್ರದ ಬಟನ್ ಇದೆ. ಕಂಟ್ರೋಲ್ + ಶಿಫ್ಟ್ + 8 ಒತ್ತಿದರೂ ಆಗುತ್ತದೆ. ರೈಟರ್‌ನಲ್ಲಿ ಕಂಟ್ರೋಲ್ + ಎಫ್10. ಪರದೆ ತುಂಬಾ ಚುಕ್ಕಿ, ಬಾಣ ಕಂಡು ಗಾಬರಿಯಾಗಬೇಡಿ, ಅವು ಪ್ರಿಂಟಿನಲ್ಲಿ ಬರುವುದಿಲ್ಲ. ಒಂದೊಂದು ಚುಕ್ಕಿ ಅಂದರೆ ಒಂದೊಂದು ಸ್ಪೇಸ್. ಬಲಕ್ಕೆ ನೇರ ಬಾಣ ಇದ್ದರೆ ಅದು ಟ್ಯಾಬ್. ¶ ಇದ್ದ ಕಡೆ ಎಂಟರ್ ಒತ್ತಿದ್ದಾರೆ, ಅಂದರೆ ಪ್ಯಾರಾ ಮುಗಿದಿದೆ. ಎಡಕ್ಕೆ ಮಡಚಿದ ಬಾಣ ↵ ಇದ್ದರೆ ಶಿಫ್ಟ್ + ಎಂಟರ್ ಒತ್ತಿದ್ದಾರೆ. ಸಾಲು ಮುರಿದಿದೆ, ಪ್ಯಾರಾ ಮಾತ್ರ ಮುಂದುವರಿದಿದೆ. ಈ ¶ ಮತ್ತು ↵ ನಡುವಿನ ವ್ಯತ್ಯಾಸ ಗೊತ್ತಾದರೆ ಮುಂದಿನ ಅರ್ಧ ಕೆಲಸ ಆದಂತೆ.

ಏನಾದರೂ ಎಡವಟ್ಟಾದರೆ ಕಂಟ್ರೋಲ್ + ಝಡ್ ಇದ್ದೇ ಇದೆ.

ಪದಗಳ ನಡುವೆ ಸಿಕ್ಕಾಪಟ್ಟೆ ಅಂತರ

ಕನ್ನಡದಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಇದಕ್ಕೆ ಮೂರು ಬೇರೆ ಬೇರೆ ಕಾರಣ ಇರುತ್ತವೆ. ಮದ್ದೂ ಬೇರೆ ಬೇರೆ.

ಒಂದೋ ಎರಡೋ ಸಾಲು ಮಾತ್ರ ಹಿಗ್ಗಿದ್ದರೆ, ಆ ಸಾಲಿನ ಕೊನೆ ನೋಡಿ. ಮಡಚಿದ ಬಾಣ ಇರುತ್ತದೆ. ವಿಳಾಸ ಬರೆಯುವಾಗ ಸಾಲುಗಳ ನಡುವೆ ಜಾಗ ಬೀಳದಿರಲಿ ಅಂತ ಕೆಲವರು ಶಿಫ್ಟ್ + ಎಂಟರ್ ಒತ್ತುತ್ತಾರೆ. ಆಗೇನೂ ತೊಂದರೆ ಕಾಣುವುದಿಲ್ಲ. ಕೊನೆಗೆ ಇಡೀ ಪತ್ರವನ್ನು ಆಯ್ದು ಕಂಟ್ರೋಲ್ + ಜೆ ಒತ್ತಿ ಎರಡೂ ಅಂಚಿಗೆ ಸಮ ಮಾಡುತ್ತಾರೆ. ಪ್ಯಾರಾದ ಕೊನೇ ಸಾಲನ್ನು ವರ್ಡ್ ಹಿಗ್ಗಿಸುವುದಿಲ್ಲ. ಮಡಚಿದ ಬಾಣದಲ್ಲಿ ಮುಗಿಯುವ ಸಾಲು ಅದರ ಲೆಕ್ಕದಲ್ಲಿ ಕೊನೇ ಸಾಲಲ್ಲ. ಹಾಗಾಗಿ 'ಹಾಸನ' ಎಡ ಅಂಚಿಗೆ, 'ತಾಲ್ಲೂಕು' ಬಲ ಅಂಚಿಗೆ ಹೋಗಿ ನಿಲ್ಲುತ್ತವೆ.

ಸುಲಭದ ಪರಿಹಾರ: ವಿಳಾಸದ ಭಾಗವನ್ನಷ್ಟೇ ಆಯ್ದು ಕಂಟ್ರೋಲ್ + ಎಲ್ ಒತ್ತಿ, ಎಡಕ್ಕೆ ಜೋಡಿಸಿ. ಅದು ಬೇಡ, ಸಮ ಜೋಡಣೆಯೇ ಬೇಕು ಅಂದರೆ ಮಡಚಿದ ಬಾಣ ತೆಗೆದು ಎಂಟರ್ ಹಾಕಿ. ಬಾಣಕ್ಕೆ ಸ್ವಲ್ಪ ಮುಂಚೆ ಒಂದು ಟ್ಯಾಬ್ ಒತ್ತಿದರೂ ಸಾಲು ಎಡಕ್ಕೆ ಸರಿದು ನಿಲ್ಲುತ್ತದೆ. ಕಡತದ ತುಂಬಾ ಇದೇ ತೊಂದರೆ ಇದ್ದರೆ ಫೈಲ್ → ಆಪ್ಷನ್ಸ್ → ಅಡ್ವಾನ್ಸ್ಡ್ ಒಳಗೆ ತೀರಾ ಕೆಳಗೆ ಲೇಔಟ್ ಆಪ್ಷನ್ಸ್ ಇದೆ. ಶಿಫ್ಟ್ + ರಿಟರ್ನ್‌ನಲ್ಲಿ ಮುಗಿಯುವ ಸಾಲನ್ನು ಹಿಗ್ಗಿಸಬೇಡ ಅನ್ನುವ ಅರ್ಥದ ಆಯ್ಕೆಗೆ ಟಿಕ್ ಹಾಕಿ. ರೈಟರ್‌ನಲ್ಲಿ ಇಂಥದ್ದೇ ಆಯ್ಕೆ ಟೂಲ್ಸ್ → ಆಪ್ಷನ್ಸ್ → ರೈಟರ್ → ಕಂಪ್ಯಾಟಿಬಿಲಿಟಿ ಒಳಗಿದೆ. ಅಲ್ಲಿ ಅರ್ಥ ಉಲ್ಟಾ, ಇರುವ ಟಿಕ್ ತೆಗೆಯಬೇಕು.

ಪ್ಯಾರಾದ ಕೊನೇ ಸಾಲೂ ಹಿಗ್ಗಿದ್ದು, ಅಕ್ಷರಗಳೇ ಒಂದಕ್ಕೊಂದು ದೂರ ಸರಿದಿದ್ದರೆ ಕಾರಣ ಬೇರೆ. ಕಂಟ್ರೋಲ್ + ಜೆ ಒತ್ತುವಾಗ ಶಿಫ್ಟ್ ಕೂಡ ಬಿದ್ದಿದೆ. ವರ್ಡ್‌ನಲ್ಲಿ ಅದು ಅಕ್ಷರಗಳನ್ನು ಸಾಲಿಡೀ ಹರಡುವ ಇನ್ನೊಂದು ಬಗೆಯ ಜೋಡಣೆ. ಪ್ಯಾರಾದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ + ಎಲ್ ಒತ್ತಿದರೆ ಮುಗಿಯಿತು.

ಮೂರನೆಯದು ಕನ್ನಡದ್ದೇ ಗುಣ. ಬಾಣ ಇಲ್ಲ, ಗುರುತು ಸರಿಯಿದೆ, ಆದರೂ ಪ್ಯಾರಾದ ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಸಂದು ಕಾಣುತ್ತದೆ. ನಮ್ಮಲ್ಲಿ ವಿಭಕ್ತಿ, ಕ್ರಿಯೆ ಎಲ್ಲಾ ಪದಕ್ಕೇ ಅಂಟಿಕೊಳ್ಳುತ್ತವೆ. 'ಚನ್ನರಾಯಪಟ್ಟಣದಲ್ಲಿರುವ', 'ನರಸಿಂಹರಾಜಪುರದವರಾದ', 'ಶ್ರವಣಬೆಳಗೊಳದವರೆಗಿನ' ಅನ್ನುವಂಥ ಪದ ಸಾಲಿನ ಕೊನೆಗೆ ಬಂದು ಹಿಡಿಸದೆ ಹೋದರೆ ಇಡಿಯಾಗಿ ಕೆಳಗಿನ ಸಾಲಿಗೆ ಇಳಿಯುತ್ತದೆ. ಮೇಲಿನ ಸಾಲಿನಲ್ಲಿ ಉಳಿದ ಜಾಗ ದೊಡ್ಡದು. ಅದನ್ನು ಹಂಚಿಕೊಳ್ಳಲು ಅಲ್ಲಿ ಉಳಿದ ಪದಗಳೋ ಇಂಗ್ಲಿಷ್ ಸಾಲಿಗಿಂತ ಕಡಿಮೆ. ಹಾಗಾಗಿ ಒಂದೊಂದು ಸಂದಿಯ ಪಾಲಿಗೂ ಜಾಸ್ತಿ ಬರುತ್ತದೆ. ಎರಡು ಕಾಲಮ್ಮಿನ ಕರಪತ್ರ, ಲಗ್ನಪತ್ರಿಕೆ, ಟೇಬಲ್ಲಿನ ಸಣ್ಣ ಮನೆಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ.

ಇದಕ್ಕೆ ಕಾಸಿಲ್ಲದ, ಒಂದೇ ಕ್ಷಣದ ಮದ್ದು ಎಡ ಜೋಡಣೆ. ಅರ್ಜಿ, ಮನವಿ, ಪತ್ರಗಳಿಗೆ ನಾನು ಯಾವಾಗಲೂ ಎಡ ಜೋಡಣೆಯನ್ನೇ ಹೇಳುವುದು. ಬಲ ಅಂಚು ಸ್ವಲ್ಪ ಏರುಪೇರಾದರೂ ಓದುವ ಕಣ್ಣು ಎಡವುವುದಿಲ್ಲ. 'ಎರಡೂ ಕಡೆ ಗೆರೆ ಎಳೆದ ಹಾಗಿದ್ದರೇ ನೀಟು' ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಅಗಲವಾದ ಸಾಲಿನ ಪುಸ್ತಕಕ್ಕೆ ಹೊಂದುತ್ತದೆ, ಒಂದು ಪುಟದ ಅರ್ಜಿಗೆ ಬೇಕಿಲ್ಲ.

ಸಮ ಜೋಡಣೆ ಬೇಕೇ ಬೇಕು ಅಂದರೆ ಫಾಂಟ್ ಅಳತೆಯನ್ನು ಅರ್ಧ ಪಾಯಿಂಟ್ ಇಳಿಸಿ ನೋಡಿ. ಆಮೇಲೆ ಕಾಲಮ್ ಅಗಲ ಮಾಡಿ. ಆಗಲೂ ಒಂದೆರಡು ಸಾಲು ಹಠ ಹಿಡಿದರೆ, ಉದ್ದ ಪದದ ಸಹಜ ಕೂಡು ಜಾಗದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಹಿಡಿದು ಅಡ್ಡಗೆರೆ ಕೀಲಿ ಒತ್ತಿ. 'ಚನ್ನರಾಯ' ಮತ್ತು 'ಪಟ್ಟಣದಲ್ಲಿರುವ' ನಡುವೆ ಹಾಕಬಹುದು. ಈ ಅಡ್ಡಗೆರೆ ಪದ ಅಲ್ಲಿ ಮುರಿದಾಗ ಮಾತ್ರ ಕಾಣುತ್ತದೆ. ಬರೀ ಅಡ್ಡಗೆರೆ ಟೈಪ್ ಮಾಡಿಬಿಟ್ಟರೆ, ನಾಳೆ ಮೇಲೆ ಒಂದು ಪದ ಸೇರಿಸಿದಾಗ 'ಚನ್ನರಾಯ-ಪಟ್ಟಣ' ಸಾಲಿನ ಮಧ್ಯದಲ್ಲಿ ಹಾಗೇ ಉಳಿದುಬಿಡುತ್ತದೆ.

ಪ್ರತಿ ಸಾಲೂ ಅರ್ಧಕ್ಕೇ ನಿಂತಿದೆ

ಇಮೇಲಿನಿಂದ, ವಾಟ್ಸಾಪಿನಿಂದ, ಪಿಡಿಎಫ್‌ನಿಂದ ಕಾಪಿ ಮಾಡಿ ತಂದ ಪಠ್ಯದಲ್ಲಿ ಇದು ಸಾಮಾನ್ಯ. ಗುರುತುಗಳನ್ನು ತೆರೆದರೆ ಪ್ರತಿ ಸಾಲಿನ ಕೊನೆಗೂ ¶ ಅಥವಾ ↵ ಕಾಣುತ್ತದೆ. ನಾಲ್ಕೈದು ಸಾಲಿದ್ದರೆ ಕೈಯಲ್ಲೇ ಅಳಿಸಿ, ಅದೇ ಬೇಗ ಆಗುವುದು. ಪುಟಗಟ್ಟಲೆ ಇದ್ದರೆ ಹುಡುಕಿ ಬದಲಿಸುವ ದಾರಿ ಹಿಡಿಯಿರಿ.

ಮೊದಲು ತಂದು ಹಾಕಿದ ಭಾಗವನ್ನು ಮಾತ್ರ ಆಯ್ದುಕೊಳ್ಳಿ. ಇದನ್ನು ಮರೆತರೆ ನಿಮ್ಮ ಪತ್ರದ ವಿಳಾಸ, ಸಹಿ ಎಲ್ಲಾ ಒಂದೇ ಮುದ್ದೆಯಾಗುತ್ತದೆ. ಕಂಟ್ರೋಲ್ + ಎಚ್ ಒತ್ತಿ. ಕನ್ನಡ ಕೀಲಿಮಣೆ ಚಾಲೂ ಇದ್ದರೆ ಇಂಗ್ಲಿಷಿಗೆ ಬದಲಿಸಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ವರ್ಡ್‌ನಲ್ಲಿ ಎಂಟರ್ ಗುರುತನ್ನು ಹುಡುಕುವುದಕ್ಕೆ 6ರ ಕೀಲಿಯ ಮೇಲಿರುವ ^ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಇಂಗ್ಲಿಷಿನ ಸಣ್ಣ 'ಪಿ' ಅಕ್ಷರ ಹಾಕಬೇಕು. ಮಡಚಿದ ಬಾಣ ಹುಡುಕಲು ಅದೇ ಚಿಹ್ನೆಗೆ ಸಣ್ಣ 'ಎಲ್'.

ಪ್ಯಾರಾಗಳ ನಡುವೆ ಖಾಲಿ ಸಾಲು ಇದ್ದರೆ ನಿಮ್ಮ ಅದೃಷ್ಟ. ಖಾಲಿ ಸಾಲು ಅಂದರೆ ಎರಡು ¶ ಒಟ್ಟಿಗೆ. ಎಂಟರ್ ಗುರುತಿನ ಸಂಕೇತವನ್ನು ಎರಡು ಸಲ ಹಾಕಿ ಹುಡುಕಿ, ಅದರ ಬದಲಿಗೆ ಕಡತದಲ್ಲಿ ಎಲ್ಲೂ ಇಲ್ಲದ ಗುರುತು ಹಾಕಿಸಿ. @@@ ಸಾಕು. ಎರಡನೇ ಸುತ್ತಿನಲ್ಲಿ ಉಳಿದ ಒಂಟಿ ಎಂಟರುಗಳ ಬದಲಿಗೆ ಒಂದೊಂದು ಸ್ಪೇಸ್ ಹಾಕಿಸಿ. ಮೂರನೇ ಸುತ್ತಿನಲ್ಲಿ @@@ ಬದಲಿಗೆ ಮತ್ತೆ ಎಂಟರ್ ಗುರುತು. ಕೊನೆಗೆ ಎರಡು ಸ್ಪೇಸ್ ಹುಡುಕಿ ಒಂದು ಸ್ಪೇಸ್ ಮಾಡಿ, ಬದಲಾವಣೆ ಸೊನ್ನೆ ಅಂತ ಬರುವವರೆಗೂ ಒತ್ತುತ್ತಿರಿ. ಪ್ರತಿ ಸುತ್ತಿನಲ್ಲೂ 'ಉಳಿದ ಕಡತದಲ್ಲೂ ಹುಡುಕಲೇ' ಎಂದು ವರ್ಡ್ ಕೇಳುತ್ತದೆ. ಬೇಡ ಅನ್ನಿ.

ಪ್ಯಾರಾಗಳ ನಡುವೆ ಖಾಲಿ ಸಾಲೇ ಇಲ್ಲದಿದ್ದರೆ ಈ ದಾರಿ ಹಿಡಿಯಬೇಡಿ. ಪ್ಯಾರಾ ಎಲ್ಲಿ ಮುಗಿಯುತ್ತದೆ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಒಂದೊಂದೇ ನೋಡಿ ಬದಲಿಸುವ ಬಟನ್ ಒತ್ತುತ್ತಾ ಹೋಗಿ.

ರೈಟರ್‌ನಲ್ಲಿ ಇದಕ್ಕೊಂದು ಸಿದ್ಧ ಸೌಕರ್ಯವೇ ಇದೆ. ಟೂಲ್ಸ್ → ಆಟೋಕರೆಕ್ಟ್ ಆಪ್ಷನ್ಸ್ ಒಳಗೆ ಒಂದೊಂದು ಸಾಲಿನ ಪ್ಯಾರಾಗಳನ್ನು ಕೂಡಿಸುವ ಆಯ್ಕೆಗೆ ಟಿಕ್ ಹಾಕಿ, ಆಮೇಲೆ ಟೂಲ್ಸ್ → ಆಟೋಕರೆಕ್ಟ್ → ಅಪ್ಲೈ ಒತ್ತಿ.

ಪಿಡಿಎಫ್‌ನಿಂದ ತಂದ ಕನ್ನಡದಲ್ಲಿ ಸಾಲಿನ ಜೊತೆ ಅಕ್ಷರವೂ ಕೆಟ್ಟಿದೆಯೇ ನೋಡಿ. ಗುಣಿತದ ಚಿಹ್ನೆ ಪಕ್ಕದ ಅಕ್ಷರಕ್ಕೆ ಹೋಗಿದೆ, ಒತ್ತು ಬಿಟ್ಟುಹೋಗಿದೆ, ಅಲ್ಲಲ್ಲಿ ಚುಕ್ಕಿಗಳ ವೃತ್ತ ◌ ಕಾಣುತ್ತಿದೆ ಅಂದರೆ ಅಕ್ಷರಗಳ ಕ್ರಮವೇ ತಪ್ಪಿದೆ. ಅಲ್ಲಿ ಜೋಡಣೆ ರಿಪೇರಿಗೆ ಸಮಯ ಹಾಕಬೇಡಿ. ಒಂದು ಪುಟ ಆದರೆ ಮತ್ತೆ ಟೈಪ್ ಮಾಡಿ. ಜಾಸ್ತಿ ಇದ್ದರೆ ಆ ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅದು ಪುಟದ ಚಿತ್ರ ನೋಡಿ ಕನ್ನಡವನ್ನು ಓದಿ ಕೊಡುತ್ತದೆ. ಆಮೇಲೆ ಮೂಲದ ಪಕ್ಕ ಇಟ್ಟು ಒಮ್ಮೆ ಪೂರ್ತಿ ಓದಲೇಬೇಕು.

'10' ಮೇಲಿನ ಸಾಲಿನಲ್ಲಿ, 'ಗುಂಟೆ' ಕೆಳಗಿನ ಸಾಲಿನಲ್ಲಿ

ಜಮೀನಿನ ಕಾಗದದಲ್ಲಿ ಇದನ್ನು ಚಿಕ್ಕ ದೋಷ ಅನ್ನಬೇಡಿ. ಓದುವವರ ಕಣ್ಣು ಜಾರುತ್ತದೆ. ಅದನ್ನು ನೋಡಿಕೊಂಡು ಇನ್ನೊಂದು ಕಡೆ ಬರೆದುಕೊಳ್ಳುವವರು ಅಂಕಿಯನ್ನೇ ಬಿಟ್ಟುಬಿಡಬಹುದು. 40 ಗುಂಟೆ ಸೇರಿದರೆ ಒಂದು ಎಕರೆ. ಅಂಕಿ ಒಂದು ಕಡೆ, ಅಳತೆ ಇನ್ನೊಂದು ಕಡೆ ಆದರೆ ಗೊಂದಲ ಎಷ್ಟು ದೂರ ಹೋಗಬಹುದು ಅಂತ ಪಹಣಿ ತಿದ್ದುಪಡಿಗೆ ಅಲೆದವರಿಗೆ ಹೇಳಬೇಕಿಲ್ಲ.

ಸಾಮಾನ್ಯ ಸ್ಪೇಸ್ ಇದ್ದ ಕಡೆಯೆಲ್ಲಾ ಸಾಲು ಮುರಿಯಬಹುದು. ಎರಡು ಪದ ಜೊತೆಯಲ್ಲೇ ಇರಬೇಕಾದರೆ ನಡುವಿನ ಸ್ಪೇಸ್ ಅಳಿಸಿ, ಕಂಟ್ರೋಲ್ + ಶಿಫ್ಟ್ + ಸ್ಪೇಸ್ ಒತ್ತಿ. ಚುಕ್ಕಿಯ ಜಾಗದಲ್ಲಿ ಸಣ್ಣ ಸೊನ್ನೆಯಂಥ ಗುರುತು ° ಬರುತ್ತದೆ. ಇನ್ನು ಅಲ್ಲಿ ಸಾಲು ಮುರಿಯುವುದಿಲ್ಲ. ರೈಟರ್‌ನಲ್ಲೂ ಇದೇ ಕೀಲಿ, ಅಲ್ಲಿ ಬೂದು ಬಣ್ಣದಲ್ಲಿ ಕಾಣುತ್ತದೆ. 'ಸರ್ವೆ ನಂಬರ್' ಮತ್ತು ಅದರ ಅಂಕಿ, 'ರೂ.' ಮತ್ತು ಮೊತ್ತ, ಹೆಸರಿನ ಹಿಂದಿನ ಇನಿಶಿಯಲ್, 'ಬಿ.ಎಂ.' ಮತ್ತು 'ರಸ್ತೆ' ಇವಕ್ಕೆಲ್ಲಾ ಬೇಕಾಗುತ್ತದೆ.

ಕಡತ ದೊಡ್ಡದಿದ್ದರೆ ವರ್ಡ್‌ನ ಹುಡುಕಿ ಬದಲಿಸುವ ಕಿಟಕಿಯಲ್ಲಿ ಒಂದು ಸ್ಪೇಸ್ ಕೊಟ್ಟು 'ಗುಂಟೆ' ಅಂತ ಹುಡುಕಿ. ಬದಲಿಗೆ ^ ಚಿಹ್ನೆ, ಇಂಗ್ಲಿಷಿನ ಸಣ್ಣ 'ಎಸ್', ಅದಕ್ಕಂಟಿ 'ಗುಂಟೆ'. 'ಎಕರೆ', 'ರೂಪಾಯಿ' ಪದಗಳಿಗೂ ಹೀಗೇ. ಆದರೆ '2 ಎಕರೆ 10 ಗುಂಟೆ' ಪೂರ್ತಿಯನ್ನು ಒಂದೇ ಗಂಟು ಮಾಡಬೇಡಿ. ಅಷ್ಟುದ್ದದ ಗಂಟು ಕೆಳಗಿಳಿದರೆ ಮೇಲಿನ ಸಾಲು ಮತ್ತೆ ಹಿಗ್ಗುತ್ತದೆ. ಅಂಕಿಯನ್ನು ಅದರ ಅಳತೆಗೆ ಕಟ್ಟಿದರೆ ಸಾಕು.

ಅಡ್ಡಗೆರೆ ಇರುವ ದಿನಾಂಕ, ಫೋನ್ ನಂಬರ್ ಗೆರೆಯ ಬಳಿ ಮುರಿಯುತ್ತಿದ್ದರೆ ಕಂಟ್ರೋಲ್ + ಶಿಫ್ಟ್ + ಅಡ್ಡಗೆರೆ ಬಳಸಿ. ಒಂದು ಎಚ್ಚರಿಕೆ ಇದೆ. ಆ ನಂಬರನ್ನು ಆನ್‌ಲೈನ್ ಅರ್ಜಿಗೆ ಕಾಪಿ ಮಾಡುವುದಿದ್ದರೆ ಈ ಅಡ್ಡಗೆರೆ ಬೇಡ. ಕಣ್ಣಿಗೆ ಒಂದೇ ಥರ ಕಂಡರೂ ಅದು ಬೇರೆ ಚಿಹ್ನೆ, ಅರ್ಜಿಯ ಖಾನೆ ಅದನ್ನು ಒಪ್ಪದೇ ಇರಬಹುದು.

ದಿನಾಂಕ, ಸಹಿ, ಕೋಲನ್ ಒಂದೇ ನೇರಕ್ಕೆ ನಿಲ್ಲುತ್ತಿಲ್ಲ

ಗುರುತುಗಳನ್ನು ತೆರೆದಾಗ ಚುಕ್ಕಿಗಳ ಸಾಲೇ ಸಾಲು ಕಂಡರೆ ಕಾರಣ ಸಿಕ್ಕಿತು. ಸ್ಪೇಸ್ ಒತ್ತಿ ತಳ್ಳಿದ್ದಾರೆ. ಕನ್ನಡ ಅಕ್ಷರಗಳ ಅಗಲ ಒಂದೇ ಇರುವುದಿಲ್ಲ. 'ಣ' ತೆಗೆದುಕೊಳ್ಳುವ ಜಾಗವೇ ಬೇರೆ, 'ರ' ತೆಗೆದುಕೊಳ್ಳುವ ಜಾಗವೇ ಬೇರೆ. ಎಷ್ಟು ಸ್ಪೇಸ್ ಹಾಕಿದರೂ ಒಂದು ಕೂದಲೆಳೆಯಷ್ಟು ಆಚೀಚೆ ಆಗೇ ಆಗುತ್ತದೆ.

ದಿನಾಂಕ ಒಂದೇ ಬಲಕ್ಕೆ ಹೋಗಬೇಕಾದರೆ ಚುಕ್ಕಿಗಳನ್ನೆಲ್ಲಾ ಅಳಿಸಿ ಕಂಟ್ರೋಲ್ + ಆರ್ ಒತ್ತಿ. ನಮ್ಮ ಪತ್ರಗಳ ಕೊನೆಯಲ್ಲಿ ಎಡಕ್ಕೆ 'ಸ್ಥಳ: ಹಾಸನ', ಅದೇ ಸಾಲಿನಲ್ಲಿ ಬಲಕ್ಕೆ 'ಇಂತಿ ತಮ್ಮ ವಿಶ್ವಾಸಿ' ಬರಬೇಕು, ಅಲ್ವಾ? ಅಲ್ಲಿ ಕಂಟ್ರೋಲ್ + ಆರ್ ಕೆಲಸ ಮಾಡುವುದಿಲ್ಲ. ಬಲ ಟ್ಯಾಬ್ ಬೇಕು. ಆ ಸಾಲಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ 'ಪ್ಯಾರಾಗ್ರಾಫ್' ಆರಿಸಿದರೆ ಪ್ಯಾರಾಗ್ರಾಫ್ ಕಿಟಕಿ ತೆರೆಯುತ್ತದೆ, ಅದರ ಕೆಳಗಿನ ಟ್ಯಾಬ್ಸ್ ಬಟನ್ ಒತ್ತಿ. ಎ4 ಹಾಳೆಯ ಅಗಲ 21 ಸೆಂ.ಮೀ. ಎರಡೂ ಕಡೆ 2.54 ಸೆಂ.ಮೀ. ಅಂಚು ಬಿಟ್ಟರೆ ಬರೆಯಲು ಉಳಿಯುವುದು 15.92. ಆ ಸಂಖ್ಯೆ ಹಾಕಿ, 'ರೈಟ್' ಆರಿಸಿ, 'ಸೆಟ್' ಒತ್ತಿ. ಇನ್ನು 'ಸ್ಥಳ: ಹಾಸನ' ಬರೆದು ಒಂದೇ ಒಂದು ಟ್ಯಾಬ್ ಒತ್ತಿದರೆ ಮುಂದಿನ ಪದಗಳು ಬಲ ಅಂಚಿಗೆ ಅಂಟಿ ನಿಲ್ಲುತ್ತವೆ. ಫಾಂಟ್ ಬದಲಾದರೂ ಕದಲುವುದಿಲ್ಲ.

'ವಿಷಯ:' ಸಾಲಿನದು ಬೇರೆ ಕಥೆ. ವಿಷಯ ಉದ್ದವಾಗಿ ಎರಡನೇ ಸಾಲಿಗೆ ಹೋದಾಗ ಅದು 'ವಿಷಯ' ಪದದ ಕೆಳಗೆ ಬಂದು ಕೂರುತ್ತದೆ. ಕೋಲನ್ ಆದಮೇಲೆ ಬರುವ ಮಾತಿನ ಕೆಳಗೆ ಬಂದರೆ ಚೆನ್ನ. ಅದಕ್ಕೆ ಎರಡನೇ ಸಾಲಿನ ಮುಂದೆ ಸ್ಪೇಸ್ ತುಂಬುವವರೇ ಜಾಸ್ತಿ. ಕೋಲನ್ ಆದಮೇಲೆ ಒಂದು ಟ್ಯಾಬ್ ಹಾಕಿ, ಅದೇ ಪ್ಯಾರಾದಲ್ಲಿ ಕಂಟ್ರೋಲ್ + ಟಿ ಒತ್ತಿ. ಒಂದು ಸಲ ಒತ್ತಿದರೆ ಸಾಲದಿದ್ದರೆ ಇನ್ನೊಂದು ಸಲ. ಮೊದಲ ಸಾಲು ಅಲ್ಲೇ ಇರುತ್ತದೆ, ಮಿಕ್ಕವು ಒಳಕ್ಕೆ ಸರಿಯುತ್ತವೆ. 'ಉಲ್ಲೇಖ:' ಸಾಲಿಗೂ ಇದೇ ಉಪಾಯ. ಜಾಸ್ತಿ ಸರಿದರೆ ಕಂಟ್ರೋಲ್ + ಶಿಫ್ಟ್ + ಟಿ ಅದನ್ನು ವಾಪಸ್ ತರುತ್ತದೆ.

ಹೆಸರು, ತಂದೆಯ ಹೆಸರು, ಗ್ರಾಮ, ಹೋಬಳಿ ಅಂತ ಒಂದರ ಕೆಳಗೊಂದು ಬರುವ ಪಟ್ಟಿಗೆ ಗೆರೆ ಇಲ್ಲದ ಮೂರು ಕಾಲಮ್ಮಿನ ಟೇಬಲ್ ಹಾಕಿ. ನಡುವಿನ ಕಾಲಮ್ಮಿನಲ್ಲಿ ಬರೀ ಕೋಲನ್. ವಿಳಾಸ ಎಷ್ಟು ಉದ್ದ ಇದ್ದರೂ ಅದರ ಮನೆಯೊಳಗೇ ಮಡಚಿಕೊಳ್ಳುತ್ತದೆ.

ಲೆಕ್ಕದ ಪಟ್ಟಿಯಲ್ಲಿ ಅಂಕಿಗಳು ಬಲಕ್ಕೆ ಜೋಡಣೆಯಾಗಬೇಕು. ಚಿಕ್ಕಮಗಳೂರಿನ ತೋಟದವರು ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಅಂತ 50 ಕೆ.ಜಿ. ಚೀಲದ ಲೆಕ್ಕ ಬರೆದಿಡುತ್ತಾರೆ. ಅಲ್ಲಿ ಮೊತ್ತ ಎಡಕ್ಕೆ ಜೋಡಿಸಿದ್ದರೆ 9,500 ಮತ್ತು 19,500 ಒಂದೇ ಗೆರೆಯಿಂದ ಶುರುವಾಗಿ ಕಣ್ಣಿಗೆ ಮೋಸ ಮಾಡುತ್ತವೆ. ಪೈಸೆಯೂ ಇದ್ದರೆ ಆ ಕಾಲಮ್ಮಿಗೆ ದಶಮಾಂಶ ಟ್ಯಾಬ್ ಇಡಿ, ಚುಕ್ಕಿಯ ಕೆಳಗೆ ಚುಕ್ಕಿ ಬರುತ್ತದೆ. ಟೇಬಲ್ ಮನೆಯೊಳಗೆ ಟ್ಯಾಬ್ ಹಾಕಬೇಕಾದರೆ ಕಂಟ್ರೋಲ್ + ಟ್ಯಾಬ್. ಬರೀ ಟ್ಯಾಬ್ ಒತ್ತಿದರೆ ಪಕ್ಕದ ಮನೆಗೆ ಹೋಗುತ್ತೀರಿ.

ಮಧ್ಯಕ್ಕೆ ಜೋಡಿಸಿದ ತಲೆಬರಹ ಮಧ್ಯದಲ್ಲಿಲ್ಲ ಅನಿಸಿದರೆ, ಅದರ ಹಿಂದೆ ಸ್ಪೇಸ್ ಇದೆಯೇ, ಆ ಪ್ಯಾರಾಕ್ಕೆ ಮೊದಲ ಸಾಲಿನ ಇಂಡೆಂಟ್ ಉಳಿದಿದೆಯೇ ನೋಡಿ. ಪ್ಯಾರಾ ಇದ್ದಕ್ಕಿದ್ದಂತೆ ಒಳಗೆ ಸರಿದಿದ್ದರೆ ಕೈತಪ್ಪಿ ಕಂಟ್ರೋಲ್ + ಎಂ ಬಿದ್ದಿರಬಹುದು. ಕಂಟ್ರೋಲ್ + ಶಿಫ್ಟ್ + ಎಂ ಅದನ್ನು ಹಿಂದಕ್ಕೆ ತರುತ್ತದೆ. ಏನಾಗಿದೆ ಅಂತಲೇ ತಿಳಿಯದಿದ್ದರೆ ಕಂಟ್ರೋಲ್ + ಕ್ಯೂ ಒತ್ತಿ. ನೀವು ಕೈಯಾರೆ ಹಾಕಿದ ಜೋಡಣೆ, ಇಂಡೆಂಟ್ ಎಲ್ಲಾ ಹೋಗಿ ಪ್ಯಾರಾ ಮೊದಲಿನ ಸ್ಥಿತಿಗೆ ಬರುತ್ತದೆ.

ಒತ್ತಕ್ಷರದ ತಳ ಕತ್ತರಿಸಿದೆ, ಇಲ್ಲವೇ ಸಾಲುಗಳ ನಡುವೆ ಜಾಗ ಜಾಸ್ತಿ

'ಪತ್ನಿ', 'ರಾಷ್ಟ್ರ', 'ತಾಲ್ಲೂಕು' ಪದಗಳನ್ನು ನೋಡಿ. ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿದ್ದರೆ ಫಾಂಟ್ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಪ್ಯಾರಾಗ್ರಾಫ್ ಕಿಟಕಿಯಲ್ಲಿ ಸಾಲಿನ ಅಂತರ 'ಎಕ್ಸಾಕ್ಟ್ಲಿ' ಅಂತ ಇದೆಯೇ ನೋಡಿ. ಇಂಗ್ಲಿಷ್ ನಮೂನೆಯ ಮೇಲೆ ಕನ್ನಡ ಟೈಪ್ ಮಾಡಿದಾಗ ಹೀಗಾಗುತ್ತದೆ. ಅಷ್ಟೇ ಎತ್ತರಕ್ಕೆ ಸಾಲನ್ನು ಕಟ್ಟಿಹಾಕಿರುವುದರಿಂದ ಇಂಗ್ಲಿಷ್ ಅಕ್ಷರ ಹಿಡಿಯುತ್ತದೆ, ನಮ್ಮ ಒತ್ತಕ್ಷರ ಹಿಡಿಯುವುದಿಲ್ಲ. 'ಸಿಂಗಲ್' ಅಥವಾ 'ಅಟ್ ಲೀಸ್ಟ್' ಆರಿಸಿ.

ಜಾಗ ಜಾಸ್ತಿ ಇದ್ದರೆ ಎರಡು ಸಾಧ್ಯತೆ. ಖಾಲಿ ¶ಗಳು ಸಾಲಾಗಿ ಬಿದ್ದಿರಬಹುದು, ಅಳಿಸಿ. ಅದಿಲ್ಲದಿದ್ದರೆ ಪ್ಯಾರಾ ಆದಮೇಲೆ ವರ್ಡ್ ತಾನಾಗಿ ಬಿಡುವ 8 ಪಾಯಿಂಟ್ ಜಾಗ ಅದು. ಪ್ಯಾರಾಗ್ರಾಫ್ ಕಿಟಕಿಯಲ್ಲಿ 'ಆಫ್ಟರ್' ಅನ್ನುವ ಖಾನೆಗೆ ಸೊನ್ನೆ ಹಾಕಿ. ವಿಳಾಸದ ಸಾಲುಗಳಿಗೆ ಹೀಗೆ ಮಾಡಿಕೊಂಡರೆ ಶಿಫ್ಟ್ + ಎಂಟರ್ ಬೇಕಾಗುವುದೇ ಇಲ್ಲ.

ಮನೆಯಲ್ಲಿ ಸರಿಯಿತ್ತು, ಅಂಗಡಿಯಲ್ಲಿ ತೆರೆದರೆ ಕೆಟ್ಟಿದೆ

ಮೊದಲು ಹಾಳೆಯ ಅಳತೆ ನೋಡಿ, ಅದಕ್ಕೆ ಅರ್ಧ ನಿಮಿಷವೂ ಬೇಡ. ಲೆಟರ್ ಅಳತೆ 8.5 × 11 ಇಂಚು, ಲೀಗಲ್ 8.5 × 14 ಇಂಚು, ಎ4 210 × 297 ಮಿ.ಮೀ. ಕಡತ ಲೆಟರ್ ಅಳತೆಯಲ್ಲಿದ್ದು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದರೆ ಅಂಚು, ಪುಟ ಎಲ್ಲಾ ಆಚೀಚೆ ಆಗುತ್ತವೆ.

ಆಮೇಲೆ ಫಾಂಟ್. ಮೊದಲೆಲ್ಲಾ ವಿಂಡೋಸ್‌ನಲ್ಲಿ ಕನ್ನಡಕ್ಕೆ ತುಂಗಾ ಫಾಂಟ್ ಇರುತ್ತಿತ್ತು. ಈಗಿನ ವಿಂಡೋಸ್‌ನಲ್ಲಿ ನಿರ್ಮಲಾ ಬರುತ್ತದೆ, ತುಂಗಾ ಬೇಕಾದರೆ ಬೇರೆಯಾಗಿ ಹಾಕಿಕೊಳ್ಳಬೇಕು. ತುಂಗಾದಲ್ಲಿ ಮಾಡಿದ ಕಡತವನ್ನು ಅದಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬೇರೆ ಫಾಂಟ್ ಬಂದು ಕೂರುತ್ತದೆ. ಅಕ್ಷರದ ಅಗಲ ಬದಲಾಗುತ್ತದೆ, ಸಾಲು ಬೇರೆ ಕಡೆ ಮುರಿಯುತ್ತದೆ. ಬರೀ ಪ್ರಿಂಟ್ ತೆಗೆಸುವುದಿದ್ದರೆ ಮನೆಯಲ್ಲೇ ಪಿಡಿಎಫ್ ಮಾಡಿ ಒಯ್ಯಿರಿ, ಎಲ್ಲಾ ತಲೆನೋವು ಅಲ್ಲಿಗೆ ತಪ್ಪುತ್ತದೆ. ಅಂಗಡಿಯಲ್ಲಿ ತಿದ್ದುಪಡಿಯೂ ಇದ್ದರೆ ಫೈಲ್ → ಆಪ್ಷನ್ಸ್ → ಸೇವ್ ಒಳಗೆ ಫಾಂಟನ್ನು ಕಡತದ ಜೊತೆ ಸೇರಿಸುವ ಆಯ್ಕೆಗೆ ಟಿಕ್ ಹಾಕಿ.

ಸಾಲಷ್ಟೇ ಅಲ್ಲದೆ ಅಕ್ಷರಗಳೇ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿದ್ದರೆ ಅದು ಹಳೇ ನುಡಿ ಅಥವಾ ಬರಹ ಫಾಂಟಿನ ಆಸ್ಕಿ ಕಡತ. ಅಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಫಾಂಟ್ ಅವುಗಳಿಗೆ ಕನ್ನಡದ ರೂಪ ಕೊಡುತ್ತದೆ. ಅಕ್ಷರ ಸರಿ ಕಾಣುತ್ತಿದ್ದು ಅನುಮಾನ ಇದ್ದರೆ ಒಂದು ಪದ ಆಯ್ದು ಫಾಂಟನ್ನು ನಿರ್ಮಲಾಕ್ಕೆ ಬದಲಿಸಿ ನೋಡಿ. ಕನ್ನಡವಾಗೇ ಉಳಿದರೆ ಯುನಿಕೋಡ್, ಅಂದರೆ ಕಂಪ್ಯೂಟರಿನ ಲೆಕ್ಕದಲ್ಲೂ ಅವು ಕನ್ನಡ ಅಕ್ಷರಗಳೇ. ಚಿಹ್ನೆಗಳಾದರೆ ಆಸ್ಕಿ.

ಆಸ್ಕಿ ಕಡತದಲ್ಲಿ ಇನ್ನೊಂದು ಅಪಾಯ ಇದೆ. ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಆಟೋಕರೆಕ್ಟ್ ಚಾಲೂ ಇದ್ದರೆ, ಅದು ಒಳಗಿನ ಇಂಗ್ಲಿಷ್ ಅಕ್ಷರವನ್ನು ಬದಲಿಸಿಬಿಡುತ್ತದೆ. ನಿಮಗೆ ಕಾಣುವುದು ಬೇರೆಯೇ ಕನ್ನಡ ಅಕ್ಷರ. ಫೈಲ್ → ಆಪ್ಷನ್ಸ್ → ಪ್ರೂಫಿಂಗ್ ಒಳಗಿನ ಆಟೋಕರೆಕ್ಟ್‌ನಲ್ಲಿ ಅದನ್ನು ಆಫ್ ಮಾಡಿ. ಯುನಿಕೋಡಿಗೆ ಬದಲಿಸಲು ನುಡಿ, ಬರಹ ಎರಡರಲ್ಲೂ ಸೌಕರ್ಯ ಇದೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ತಪ್ಪದೆ ನೋಡಿ. ನಡುವೆ ನಿಜವಾದ ಇಂಗ್ಲಿಷ್ ಪದ, ಇಮೇಲ್ ವಿಳಾಸ ಇದ್ದರೆ ಅವೂ ಕನ್ನಡದ ಕಸವಾಗಿರುತ್ತವೆ, ಅವನ್ನು ಕೈಯಲ್ಲೇ ಮತ್ತೆ ಹಾಕಬೇಕು.

ಸಹಿಯ ಜಾಗ ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗಿದೆ

ಪ್ರಮಾಣಪತ್ರ, ಕರಾರಿನಲ್ಲಿ ಸಹಿ ಮಾತ್ರ ಇರುವ ಹಾಳೆ ಒಳ್ಳೆಯದಲ್ಲ. ಆ ಹಾಳೆಯನ್ನು ಬೇರೆ ಕಾಗದಕ್ಕೆ ಸೇರಿಸಿಬಿಡಬಹುದು. ಖಾಲಿ ಎಂಟರ್ ಅಳಿಸಿದರೆ ಹಿಂದಿನ ಪುಟಕ್ಕೆ ಬರುತ್ತದೆಯೇ ನೋಡಿ. ಬಾರದಿದ್ದರೆ ಕೊನೇ ಪ್ಯಾರಾದಿಂದ ಸಹಿಯ ಹಿಂದಿನ ಸಾಲಿನವರೆಗೆ ಆಯ್ದು, ಪ್ಯಾರಾಗ್ರಾಫ್ ಕಿಟಕಿಯ 'ಲೈನ್ ಅಂಡ್ ಪೇಜ್ ಬ್ರೇಕ್ಸ್' ಭಾಗದಲ್ಲಿ 'ಕೀಪ್ ವಿತ್ ನೆಕ್ಸ್ಟ್' ಟಿಕ್ ಮಾಡಿ. ಸಹಿ ಮುಂದಿನ ಪುಟಕ್ಕೆ ಹೋಗುವುದೇ ಆದರೆ ಕೊನೇ ಪ್ಯಾರಾವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಟೇಬಲ್ಲಿನಲ್ಲಿ ಮುಗಿಯುವ ಕಡತದ ಕೊನೆಗೆ ಖಾಲಿ ಪುಟ ಬಂದರೆ, ಟೇಬಲ್ ಆದಮೇಲಿನ ¶ ಅದಕ್ಕೆ ಕಾರಣ. ಅದನ್ನು ಅಳಿಸಲು ಬರುವುದಿಲ್ಲ. ಅದರ ಫಾಂಟ್ ಅಳತೆ 1 ಮಾಡಿ, ಮುಂದೆ ಹಿಂದಿನ ಜಾಗ ಸೊನ್ನೆ ಮಾಡಿ.

ಎಲ್ಲಿ ಕೈಬಿಡಬೇಕು

ಸಹಿಯಾದ ಅಥವಾ ನೋಂದಣಿಯಾದ ದಸ್ತಾವೇಜಿನ ಕಡತವನ್ನು ಚೆಂದ ಮಾಡಲು ಹೋಗಬೇಡಿ. ಸಾಲು ಮುರಿಯುವ ಜಾಗ ಬದಲಾದರೂ ಪುಟ ಬದಲಾಗುತ್ತದೆ, ಸಹಿ ಇರುವ ಪ್ರತಿಗೂ ನಿಮ್ಮ ಕಡತಕ್ಕೂ ತಾಳೆಯಾಗುವುದಿಲ್ಲ. ಕರಡು ಹಂತದಲ್ಲಿದ್ದರೂ, ವಕೀಲರು ಅಥವಾ ಪತ್ರ ಬರಹಗಾರರು ಕೊಟ್ಟ ಕಡತದಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಬಟನ್ ಒತ್ತುವ ಮುಂಚೆ ಅವರಿಗೆ ಹೇಳಿ. ಬದಲಿಸಿದ ಮೇಲೆ ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ, ಮೊತ್ತ ಇಷ್ಟನ್ನು ಮೂಲದ ಪಕ್ಕ ಇಟ್ಟು ಒಬ್ಬರು ಓದಿ, ಇನ್ನೊಬ್ಬರು ನೋಡಿ.

ಆಧಾರ್, ಬ್ಯಾಂಕ್ ಖಾತೆ, ಆಸ್ತಿ ವಿವರ ಇರುವ ಕಡತವನ್ನು ಗುರುತು ಪರಿಚಯ ಇಲ್ಲದ ಉಚಿತ ಆನ್‌ಲೈನ್ ಕನ್ವರ್ಟರಿಗೆ ಹಾಕಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ ಕಡತವನ್ನು ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿಸಿ.

ಕಡತ ತೆರೆಯುವಾಗಲೇ ಕೆಟ್ಟಿದೆ ಅಂತ ಸಂದೇಶ ಬಂದರೆ, ಅಥವಾ ಒಂದೇ ಪ್ಯಾರಾ ಎಷ್ಟು ಸಲ ಸರಿಮಾಡಿದರೂ ಉಳಿಸಿ ತೆರೆದಾಗ ಹಳೇ ಸ್ಥಿತಿಗೇ ಬಂದರೆ, ಮೊದಲು ಹೊಸ ಖಾಲಿ ಕಡತಕ್ಕೆ ಬರೀ ಪಠ್ಯವನ್ನು ತಂದು ನೋಡಿ. ಪೇಸ್ಟ್ ಮಾಡುವಾಗ ಮೌಸಿನ ಬಲ ಗುಂಡಿ ಒತ್ತಿ, 'ಕೀಪ್ ಟೆಕ್ಸ್ಟ್ ಓನ್ಲಿ' ಆರಿಸಿ. ಆಗಲೂ ಅದೇ ತೊಂದರೆ ಇದ್ದರೆ ಕೆಲಸ ಬಲ್ಲವರ ಹತ್ತಿರ ಹೋಗಿ. ಹೋಗುವಾಗ ಮೂಲ ಕಡತ, ಅದು ಹೇಗೆ ಕಾಣಬೇಕು ಅಂತ ತೋರಿಸುವ ಒಂದು ಹಳೇ ಪ್ರಿಂಟ್, ಬಳಸಿದ ಫಾಂಟಿನ ಹೆಸರು ಈ ಮೂರೂ ಜೊತೆಗಿರಲಿ.